ತುಟಿಗೆ ಬಂದ ಜ್ವರ, ಸೊಂಟ ಸುತ್ತುವ ಸರ್ಪ

ಶ್ರೀರಂಗಪಟ್ಟಣ ಗೆದ್ದವರು ಹತ್ತೇ ವರ್ಷಕ್ಕೆ ಅಲ್ಲಿಂದ ಗಂಟುಮೂಟೆ ಕಟ್ಟಿದರು. 1799ರ ಮೇ ತಿಂಗಳಲ್ಲಿ ಕೋಟೆ ಹೊಕ್ಕ ಕಂಪನಿ ಪಡೆಗೆ ಕಾವೇರಿಯ ನಡುಗಡ್ಡೆ ಒಗ್ಗಲಿಲ್ಲ. ಸಿಪಾಯಿಗಳು ಜ್ವರ ಹಿಡಿದು ಮಲಗತೊಡಗಿದರು. 1809ರಲ್ಲಿ ದಂಡು ಬೆಂಗಳೂರಿಗೆ ಎದ್ದು ಹೋಯಿತು, ಅಲ್ಲಿ ಕಂಟೋನ್ಮೆಂಟ್ ಹುಟ್ಟಿತು. ಜ್ವರ ಮಾತ್ರ ಇಲ್ಲೇ ಉಳಿಯಿತು. ಮುಂದೆ 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಹರಿದಾಗ ಮಂಡ್ಯದ ಸೀಮೆಗೆ ಭತ್ತ ಕಬ್ಬಿನ ಬೆನ್ನಿಗೇ ಮಲೇರಿಯಾವೂ ಬಂತು. ಮೈಸೂರು ಸಂಸ್ಥಾನ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಪಡೆದು ಸೊಳ್ಳೆಗಳ ಅಧ್ಯಯನಕ್ಕೆ ಕೇಂದ್ರಗಳನ್ನೇ ತೆರೆಯಬೇಕಾಯಿತು.

ಇಂಥ ಸೀಮೆಯ ಜನಕ್ಕೆ ಜ್ವರದ ನಡೆಯೆಲ್ಲ ಬಾಯಿಪಾಠ. ಚಳಿ ಯಾವ ಹೊತ್ತಿಗೆ ಹತ್ತುತ್ತದೆ, ಎಷ್ಟು ಕಂಬಳಿ ಹೊದಿಸಿದರೆ ನಡುಕ ನಿಲ್ಲುತ್ತದೆ, ಬೆವರು ಯಾವಾಗ ಬಿಡುತ್ತದೆ ಎಂಬುದು ಮನೆಯ ಹಿರಿಯರಿಗೆ ಥರ್ಮಾಮೀಟರ್ ಇಲ್ಲದೆಯೂ ತಿಳಿಯುತ್ತಿತ್ತು. ಅವರು ಕಾಯುತ್ತಿದ್ದ ಇನ್ನೊಂದು ಗುರುತು ತುಟಿಯಂಚಿನಲ್ಲಿ ಏಳುವ ಸಣ್ಣ ಗುಳ್ಳೆಗಳ ಗೊಂಚಲು. ‘ಜ್ವರ ತುಟಿಗೆ ಬಂತು, ಇನ್ನು ಬಿಡ್ತು ಬಿಡು’ ಎಂದು ಹೇಳಿ ಗಂಜಿ ಕಾಯಿಸಲು ಏಳುವವರು ಮೈಸೂರಿನ ಹಳೆಯ ಮನೆಗಳಲ್ಲಿ ಈಗಲೂ ಸಿಗುತ್ತಾರೆ. ಒಳಗಿನ ಕಾವು ಹೊರದಾರಿ ಕಂಡುಕೊಂಡಿತು ಎಂಬುದು ಅವರ ಲೆಕ್ಕ. ಆ ಗುಳ್ಳೆಗೆ ಬೆಣ್ಣೆಯೋ ಕೊಬ್ಬರಿ ಎಣ್ಣೆಯೋ ಸವರಿ, ಹೊಕ್ಕುಳಿಗೆ ಎರಡು ಹನಿ ಹರಳೆಣ್ಣೆ ಬಿಟ್ಟರೆ ಮದ್ದು ಮುಗಿಯಿತು.

ಗಮನಿಸಿದ್ದು ತಪ್ಪಲ್ಲ. ಮಲೇರಿಯಾ ಮತ್ತು ನ್ಯುಮೋನಿಯಾ ರೋಗಿಗಳ ತುಟಿಯಲ್ಲಿ ಈ ಗುಳ್ಳೆ ಹೆಚ್ಚಾಗಿ ಕಾಣುತ್ತದೆಂದು ಒಂದು ಕಾಲದ ವೈದ್ಯ ಪುಸ್ತಕಗಳೂ ಬರೆದಿದ್ದವು. ಕ್ರಿ.ಶ. 100ರ ಸುಮಾರಿಗೆ ರೋಮಿನಲ್ಲಿದ್ದ ಹೆರೊಡೋಟಸ್ ಎಂಬ ವೈದ್ಯ (ಇತಿಹಾಸಕಾರ ಹೆರೊಡೋಟಸ್ ಬೇರೆ) ಜ್ವರ ಇಳಿಯುವಾಗ ಬಾಯಿಯ ಸುತ್ತ ಏಳುವ ಗುಳ್ಳೆಗಳ ಬಗ್ಗೆ ಹೇಳಿದ್ದಾನೆ. ಲೆಕ್ಕ ತಪ್ಪಿದ್ದು ಕಾರಣ ಹುಡುಕುವಲ್ಲಿ. ಗುಳ್ಳೆಯ ಮೂಲಕ ಜ್ವರ ಹೊರಗೆ ಹೋಗುವುದಿಲ್ಲ. ಮಲಗಿದ್ದ ಬೇರೊಂದನ್ನು ಜ್ವರ ತಟ್ಟಿ ಎಬ್ಬಿಸಿರುತ್ತದೆ.

ಹಾಗೆ ಎದ್ದದ್ದು ಮೊದಲು ಸುಳಿವು ಕೊಡುತ್ತದೆ. ತುಟಿ ಮತ್ತು ಚರ್ಮ ಸೇರುವ ಗೆರೆಯಲ್ಲಿ, ಪ್ರತಿಸಲ ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಚುಮುಚುಮು ಎನ್ನುತ್ತದೆ, ಉರಿಯುತ್ತದೆ. ಕನ್ನಡಿ ನೋಡಿದರೆ ಏನೂ ಕಾಣದು. ಒಂದು ದಿನದೊಳಗೆ ಅಲ್ಲಿ ಕೆಂಪಾಗಿ, ಸಾಸಿವೆ ಗಾತ್ರದ ನೀರುಗುಳ್ಳೆಗಳು ಒತ್ತೊತ್ತಾಗಿ ಮೂಡುತ್ತವೆ. ಎರಡು ಮೂರು ದಿನಕ್ಕೆ ಒಡೆದು ಒಂದಾಗಿ ರಸಿಕೆ ಸೋರುತ್ತದೆ. ಆಮೇಲೆ ಹಳದಿ ಹಕ್ಕಳೆ ಕಟ್ಟುತ್ತದೆ. ನಕ್ಕರೆ ಹಕ್ಕಳೆ ಬಿರಿದು ರಕ್ತ ಜಿನುಗುತ್ತದೆ, ಹುಳಿ ಸಾರು ತಾಗಿದರೆ ಕಣ್ಣಲ್ಲಿ ನೀರು. ವಾರದಿಂದ ಹತ್ತು ದಿನದಲ್ಲಿ ಕಲೆಯೂ ಉಳಿಯದಂತೆ ಮಾಯುತ್ತದೆ. ಬೆಣ್ಣೆ ಹಚ್ಚಿದರೂ ಅಷ್ಟೇ ದಿನ, ಹಚ್ಚದಿದ್ದರೂ ಅಷ್ಟೇ. ಈ ಕೊನೆಯ ಸಂಗತಿಯ ಮೇಲೆ ಊರೂರಲ್ಲಿ ಎಷ್ಟು ಮಂದಿ ಹೆಸರು ಮಾಡಿದರು ಎಂಬುದನ್ನು ಮುಂದೆ ನೋಡೋಣ.

ಇದನ್ನು ತರುವುದು ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್ಸಿನ ಒಂದನೆಯ ಬಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನವರಲ್ಲಿ ಸುಮಾರು 380 ಕೋಟಿ ಜನರ ಮೈಯಲ್ಲಿ ಅದು ಇದೆ, ಅಂದರೆ ಮೂವರಲ್ಲಿ ಇಬ್ಬರಲ್ಲಿ. ಹೆಚ್ಚಿನವರಿಗೆ ಅದು ಅಂಟುವುದು ಎಳವೆಯಲ್ಲಿ, ಮುತ್ತಿಡುವ ಹಿರಿಯರಿಂದ, ಎಂಜಲಿನಿಂದ. ಹಲವರಲ್ಲಿ ಬಂದದ್ದೇ ಗೊತ್ತಾಗುವುದಿಲ್ಲ. ಅದು ಚರ್ಮದಿಂದ ನರದ ಎಳೆ ಹಿಡಿದು ಒಳಕ್ಕೆ ಸರಿದು, ತಲೆಬುರುಡೆಯ ತಳದಲ್ಲಿ ಮುಖದ ಸ್ಪರ್ಶಜ್ಞಾನ ನೋಡಿಕೊಳ್ಳುವ ನರಗಂಟಿನಲ್ಲಿ ನೆಲೆಸುತ್ತದೆ. ಅಲ್ಲಿ ತನ್ನ ವಂಶತಂತುವನ್ನು ಬಳೆಯಂತೆ ಸುತ್ತಿಕೊಂಡು ಸುಮ್ಮನಿರುತ್ತದೆ. ಪ್ರೋಟೀನ್ ತಯಾರಿಸದೆ ಕೂತದ್ದನ್ನು ಮೈಯ ಕಾವಲುಪಡೆ ಗುರುತಿಸುವುದು ಕಷ್ಟ. ಜ್ವರ, ಸುಡುಬಿಸಿಲು, ನಿದ್ದೆಗೇಡು, ಮುಟ್ಟಿನ ದಿನಗಳು, ಹಲ್ಲು ಕೀಳಿಸಿದಾಗಿನ ಗಾಯ, ಮನಸ್ಸಿನ ತಳಮಳ ಇವುಗಳಲ್ಲಿ ಯಾವುದಾದರೊಂದು ಆ ಕಾವಲನ್ನು ಸಡಿಲಿಸಿದಾಗ ಅದೇ ನರದ ದಾರಿಯಲ್ಲಿ ಮರಳಿ ಬರುತ್ತದೆ. ಅದೇ ನರ, ಅದೇ ದಾರಿ. ಆದ್ದರಿಂದ ತುಟಿಯ ಮೇಲೂ ಹೆಚ್ಚಾಗಿ ಅದೇ ಜಾಗ.

ಇಷ್ಟು ತಿಳಿಯಲು ಇಪ್ಪತ್ತನೆಯ ಶತಮಾನದ ಮುಕ್ಕಾಲು ಭಾಗ ಹಿಡಿಯಿತು. ಅಮೆರಿಕದ ನರಶಸ್ತ್ರವೈದ್ಯ ಹಾರ್ವಿ ಕುಶಿಂಗ್ ಮುಖದ ಅಸಹನೀಯ ನೋವಿಗೆ ಆ ನರದ ಮೇಲೆ ಶಸ್ತ್ರಕ್ರಿಯೆ ಮಾಡಿದಾಗ ರೋಗಿಗಳ ತುಟಿಯಲ್ಲಿ ಗುಳ್ಳೆ ಏಳುವುದನ್ನು 1905ರಲ್ಲಿ ದಾಖಲಿಸಿದರು. ಅರ್ನೆಸ್ಟ್ ಗುಡ್‌ಪಾಶ್ಚರ್ 1920ರ ದಶಕದಲ್ಲಿ, ಅಡಗುತಾಣ ನರಗಂಟೇ ಇರಬೇಕು ಎಂದರು. ಸ್ಟೀವನ್ಸ್ ಮತ್ತು ಕುಕ್ 1971ರಲ್ಲಿ ಇಲಿಗಳ ನರಗಂಟಿನಿಂದ ಮಲಗಿದ್ದ ವೈರಸ್ಸನ್ನು ಎಬ್ಬಿಸಿ ತೋರಿಸಿದರು.

ಮೈಸೂರಿನ ಇತಿಹಾಸದ ಪುಸ್ತಕಗಳಲ್ಲಿ ತುಟಿಗುಳ್ಳೆಗೆ ಜಾಗ ಸಿಕ್ಕಿಲ್ಲ. ಸಿಗುವುದೂ ಹೇಗೆ? ಸಂಸ್ಥಾನಕ್ಕೆ ಅದಕ್ಕಿಂತ ಘೋರವಾದವು ಬೇಕಾದಷ್ಟಿದ್ದವು. 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿದ್ದ ಹತ್ತನೆಯ ಚಾಮರಾಜ ಒಡೆಯರನ್ನು ಗಂಟಲಮಾರಿ ಬಲಿ ತೆಗೆದುಕೊಂಡಿತು. 1898ರಲ್ಲಿ ಪ್ಲೇಗು ಬಂದು ಮೈಸೂರು ಊರನ್ನು ಬಯಲಿಗೆ ಅಟ್ಟಿತು. ಆ ಏಟಿನ ನಂತರ 1903ರಲ್ಲಿ ಹುಟ್ಟಿದ ನಗರಾಭಿವೃದ್ಧಿ ಮಂಡಳಿ ಅಗಲ ಬೀದಿಗಳ, ಗಾಳಿ ಬೆಳಕಿನ ಹೊಸ ಬಡಾವಣೆಗಳನ್ನು ಹಾಕಿತು. ಇವೆಲ್ಲಕ್ಕೂ ಹಿಂದಿನದು ಸಿಡುಬಿನ ಕಥೆ. ಅದಕ್ಕೆ ಚಿತ್ರಸಾಕ್ಷಿಯೂ ಇದೆ.

ಐರ್ಲೆಂಡ್ ಮೂಲದ ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಆ ತೈಲಚಿತ್ರದಲ್ಲಿ ಮೂವರು ಹೆಂಗಸರಿದ್ದಾರೆ. ಮೈತುಂಬ ಒಡವೆ, ಜರಿಯ ಸೀರೆ. ಬಲಗಡೆ ನಿಂತ ಎಳೆಯ ಹೆಣ್ಣು ಸೆರಗು ಸರಿಸಿ ಎಡತೋಳು ತೋರಿಸುತ್ತಿದ್ದಾಳೆ. ಬಹುಕಾಲ ಇದನ್ನು ನರ್ತಕಿಯರ ಚಿತ್ರ ಎಂದೇ ತಿಳಿಯಲಾಗಿತ್ತು. ಕೇಂಬ್ರಿಜ್‌ನ ಇತಿಹಾಸಕಾರ ನೈಜೆಲ್ ಚಾನ್ಸಲರ್ 2001ರಲ್ಲಿ ಬೇರೆ ವಾದ ಮುಂದಿಟ್ಟರು. ಅವರ ಪ್ರಕಾರ ಇವರು ಮೈಸೂರಿನ ಅರಮನೆಯವರು. ತೋಳು ತೋರಿಸುತ್ತಿರುವವಳು ಬಾಲರಾಜ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ದೇವಿ ಹಾಕಿಸಿಕೊಂಡ ಜಾಗ. ಎಡಗಡೆಯವಳು ಅದೇ ಹೆಸರಿನ ಹಿರಿಯ ರಾಣಿ. ಆಕೆಯ ಮೂಗು ಬಾಯಿಯ ಸುತ್ತ ಬಣ್ಣ ಮಾಸಿದೆ. ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಏರಿಸುತ್ತಿದ್ದ ಹಳೆಯ ಪದ್ಧತಿಯ ಗುರುತು ಅದು ಎನ್ನುತ್ತಾರೆ ಚಾನ್ಸಲರ್. ನಡುವಿನವರು ದಿವಾನ ಪೂರ್ಣಯ್ಯನವರ ಆಡಳಿತದ ಆ ದಿನಗಳಲ್ಲಿ ಅರಮನೆಯ ಹಿರಿಯರಾಗಿದ್ದ ಲಕ್ಷ್ಮಮ್ಮಣ್ಣಿ. ಪತಿಯನ್ನು ಸಿಡುಬಿಗೇ ಕಳೆದುಕೊಂಡಿದ್ದ ಆಕೆ ಹೊಸ ಲಸಿಕೆಗೆ ಒಪ್ಪಿಗೆಯ ಮುದ್ರೆಯಾಗಿ ಅಲ್ಲಿದ್ದಾರೆಂಬುದು ಅವರ ಓದು.

ವಾದ ಪೂರ್ತಿ ಸರಿಯೋ ಅಲ್ಲವೋ, ಕಾಲ ಹೊಂದುತ್ತದೆ. ಇಂಗ್ಲೆಂಡಿನ ವೈದ್ಯ ಜೆನ್ನರನ ಗೋಸಿಡುಬಿನ ಲಸಿಕೆ ಬಾಗ್ದಾದ್, ಬಸ್ರಾ ಹಾದು ತೋಳಿನಿಂದ ತೋಳಿಗೆ ಸಾಗಿ ಮುಂಬಯಿ ಮುಟ್ಟಿ, ಅಲ್ಲಿ 1802ರ ಜೂನ್ 14ರಂದು ಮೂರು ವರ್ಷದ ಒಂದು ಮಗುವಿಗೆ ಹಾಕಲಾಯಿತು. ನಾಲ್ಕೈದು ವರ್ಷದೊಳಗೆ ಅದು ಮೈಸೂರು ಅರಮನೆಯ ಅಂತಃಪುರದೊಳಗೆ ಹೋಗಿತ್ತೆಂದರೆ ವೇಗ ಕಡಿಮೆಯದಲ್ಲ. ಮುಂದೆ ಕರುಗಳ ಮೈಮೇಲೆ ಲಸಿಕೆ ಬೆಳೆಸುವ ಸಂಸ್ಥೆಗಳು ಬಂದವು. ಬೆಳಗಾವಿಯ ಟಿಳಕವಾಡಿಯಲ್ಲಿ ‘ವ್ಯಾಕ್ಸಿನ್ ಡಿಪೋ’ ಈಗ ಮೈದಾನದ ಹೆಸರಾಗಿ ಜನರ ಬಾಯಲ್ಲಿದೆ. ಭಾರತದ ಕೊನೆಯ ಸಿಡುಬು ಅಸ್ಸಾಮಿನ ಕರೀಂಗಂಜ್‌ನಲ್ಲಿ 1975ರ ಮೇ ತಿಂಗಳಲ್ಲಿ ಕಂಡಿತು. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಣೆ ಹೊರಬಿತ್ತು.

ಸಿಡುಬನ್ನು ಓಡಿಸಲು ಸಾಧ್ಯವಾದದ್ದಕ್ಕೆ ಅದರ ಸ್ವಭಾವವೂ ಒಂದು ಕಾರಣ. ದೊಡ್ಡಮ್ಮ, ಅಂದರೆ ಸಿಡುಬು, ಬಂದರೆ ಕೊಲ್ಲುತ್ತಾಳೆ ಇಲ್ಲವೆ ಮುಖದ ತುಂಬ ಕುಳಿ ಬಿಟ್ಟು ಹೋಗುತ್ತಾಳೆ. ಹೋದ ಮೇಲೆ ಮೈಯಲ್ಲಿ ಎಲ್ಲೂ ಅಡಗಿ ಕೂರುವುದಿಲ್ಲ. ಚಿಕ್ಕಮ್ಮನದು, ಅಂದರೆ ಸೀತಾಳೆಯದು, ಹಾಗಲ್ಲ. ‘ಮಗೂಗೆ ಅಮ್ಮ ಆಗಿದೆ’ ಎಂದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಒಲೆಯ ಮೇಲೆ ಒಗ್ಗರಣೆ ಚಟಪಟ ಎನ್ನುವುದು ನಿಲ್ಲುತ್ತದೆ. ಗುಳ್ಳೆ ಬಾಡಿದ ಮೇಲೆ ಬೇವು ಅರಿಶಿನದ ನೀರು ಹಾಕಿ, ಮಾರಮ್ಮನ ಗುಡಿಗೆ ಮೊಸರನ್ನದ ತಂಪು, ತಂಬಿಟ್ಟಿನ ಆರತಿ ಒಪ್ಪಿಸಿ ಅಮ್ಮನನ್ನು ಕಳಿಸಿಕೊಡುತ್ತಾರೆ. ಮೊಸರನ್ನ ಉಂಡು ಹೊರಟಳೆಂದು ಮನೆಯವರು ನಂಬಿದ ಹೊತ್ತಿಗೆ ಆ ವೈರಸ್ಸು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಬಿಡಾರ ಹೂಡಿ ಆಗಿರುತ್ತದೆ. ಅದು ಹರ್ಪಿಸ್ ಕುಟುಂಬದ್ದೇ, ತುಟಿಗುಳ್ಳೆಯ ವೈರಸ್ಸಿನ ದಾಯಾದಿ. ನಲವತ್ತು ಐವತ್ತು ವರ್ಷ ಕಳೆದು ಹೊರಬಂದಾಗ ಅದನ್ನು ಅಮ್ಮ ಎಂದು ಯಾರೂ ಗುರುತಿಸುವುದಿಲ್ಲ. ಆಗ ಅದು ಸರ್ಪಸುತ್ತು.

ಎರಡು ಮೂರು ದಿನ ಬೆನ್ನಿನ, ಪಕ್ಕೆಯ ಅಥವಾ ಎದೆಯ ಒಂದೇ ಮಗ್ಗುಲಲ್ಲಿ ಉರಿ. ಮೂತ್ರಪಿಂಡದ ಕಲ್ಲಿರಬೇಕು, ಹೃದಯವಿರಬೇಕು ಎಂದು ಗಾಬರಿಯಾಗಿ ಸ್ಕ್ಯಾನಿಂಗ್ ಮಾಡಿಸುವವರುಂಟು. ಆಮೇಲೆ ಗುಳ್ಳೆಗಳು ಪಟ್ಟೆಯಾಗಿ ಏಳುತ್ತವೆ. ಅಂಗಿಯ ಬಟ್ಟೆ ತಾಗಿದರೂ ಜೀವ ಹೋದಂತಾಗುತ್ತದೆ. ಬೆನ್ನಿನಿಂದ ಹೊಟ್ಟೆಯ ಕಡೆಗೆ ಹರಿದ ಆ ಪಟ್ಟೆ ಸೊಂಟಕ್ಕೆ ಸುತ್ತಿಕೊಳ್ಳುತ್ತಿರುವ ಹಾವಿನಂತೆಯೇ ಕಾಣುವುದರಿಂದ ಚಿಕಿತ್ಸೆಯೂ ಹಾವಿನ ಸುತ್ತಲೇ ಬೆಳೆಯಿತು. ಎಂದೋ ಹಾವಿಗೆ ತೊಂದರೆ ಕೊಟ್ಟಿರಬೇಕು ಎಂಬ ವಿಚಾರಣೆ, ನಾಗರಕಲ್ಲಿಗೆ ಹಾಲು, ಕುಕ್ಕೆಗೆ ಹರಕೆ. ಮೈಸೂರಿನವರಿಗೆ ಹತ್ತಿರದ್ದು ಬೆಂಗಳೂರು ರಸ್ತೆಯ ಸಿದ್ದಲಿಂಗಪುರದ ಸುಬ್ರಹ್ಮಣ್ಯ. ಷಷ್ಠಿಯ ದಿನ ಅಲ್ಲಿ ನಸುಕಿನಲ್ಲೇ ಹಾಲಿನ ತಂಬಿಗೆ ಹಿಡಿದ ಸಾಲು ನಿಲ್ಲುತ್ತದೆ.

ಗುಳ್ಳೆಯ ಮೇಲೆ ಹಚ್ಚುವುದಕ್ಕೆ ಗರಿಕೆ ಅರೆದ ರಸ, ಇಲ್ಲವೆ ಕೆಮ್ಮಣ್ಣು. ಕಾವಿಯ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ ಮಂತ್ರ ಹೇಳುತ್ತ ಬಳಿಯುವುದು ದಕ್ಷಿಣ ಭಾರತದ ಹಲವೆಡೆ ಇರುವ ಪದ್ಧತಿ. ತಮಿಳುನಾಡಿನಲ್ಲಿ ಅದು ಕುಂಬಾರರ ಕೈಕೆಲಸ. ಮಣ್ಣು ಹದ ಮಾಡುವ ಕೈಯೇ ರೋಗಿಯ ಮೈಮೇಲೆ ಕಾವಿಯಲ್ಲಿ ಸಿಂಹ ಬರೆಯುತ್ತದೆ.

ಈ ಎಲ್ಲ ಆಚಾರದ ನಡುವೆ ಒಂದು ನಂಬಿಕೆ ಮಾತ್ರ ಎಲ್ಲ ಕಡೆಯೂ ಒಂದೇ: ಹಾವಿನ ತಲೆ ಬಾಲ ಕೂಡಿ ಸುತ್ತು ಪೂರ್ತಿಯಾದರೆ ಆಳು ಉಳಿಯುವುದಿಲ್ಲ. ಅದಕ್ಕೇ ಬೇಗ ಬಂದು ತಡೆ ಹಾಕಿಸಬೇಕು. ಇದರ ಜಾಣತನ ಮೆಚ್ಚಬೇಕಾದದ್ದು. ಬೆನ್ನುಹುರಿಯಿಂದ ಹೊರಡುವ ಪ್ರತಿ ನರಕ್ಕೂ ಚರ್ಮದಲ್ಲಿ ಅದರದೇ ಪಟ್ಟೆಯಿದೆ, ಆ ಪಟ್ಟೆ ಮೈಯ ನಡುಗೆರೆಯಲ್ಲಿ ನಿಲ್ಲುತ್ತದೆ. ಲಂಡನ್ನಿನ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ 1900ರಲ್ಲಿ ಸರ್ಪಸುತ್ತಿನ ರೋಗಿಗಳನ್ನು ಗಮನಿಸಿ, ಸತ್ತವರ ನರಗಂಟುಗಳನ್ನು ಪರೀಕ್ಷಿಸಿ ಈ ಪಟ್ಟೆಗಳ ನಕ್ಷೆಯನ್ನೇ ಬರೆದರು. ವೈರಸ್ಸು ಸಾಮಾನ್ಯವಾಗಿ ಏಳುವುದು ಒಂದೇ ನರಗಂಟಿನಲ್ಲಿ, ಒಂದೇ ಮಗ್ಗುಲಲ್ಲಿ. ಹೀಗಾಗಿ ಹಾವು ಅರ್ಧ ದಾರಿಗೇ ನಿಲ್ಲುತ್ತದೆ, ತಲೆ ಬಾಲ ಕೂಡುವುದು ಬಹುಮಟ್ಟಿಗೆ ಆಗದ ಮಾತು. ಕೆಮ್ಮಣ್ಣು ಬಳಿದವರ ಪಾಲಿಗೆ ಇದಕ್ಕಿಂತ ಭದ್ರವಾದ ಪಂಥ ಇನ್ನೊಂದಿಲ್ಲ: ಬಂದವರಲ್ಲಿ ಯಾರಿಗೂ ಸುತ್ತು ಪೂರ್ತಿಯಾಗಲಿಲ್ಲ, ಎಲ್ಲರೂ ಬದುಕಿದರು, ಮೂರು ನಾಲ್ಕು ವಾರದಲ್ಲಿ ಗುಳ್ಳೆಯೂ ಒಣಗಿತು. ಕಣ್ಣಾರೆ ಕಂಡ ಊರಿನ ಜನ ನಂಬದೆ ಏನು ಮಾಡಿಯಾರು?

ಸರ್ಪಸುತ್ತಿಗೂ ಸೀತಾಳೆಗೂ ಇರುವ ನಂಟನ್ನು ಹಂಗೇರಿಯ ಬೋಕಾಯ್ ಎಂಬ ವೈದ್ಯ 1892ರಲ್ಲೇ ಊಹಿಸಿದ್ದರು: ಮನೆಯ ಹಿರಿಯರಿಗೆ ಸರ್ಪಸುತ್ತು ಎದ್ದರೆ ಕೆಲವು ದಿನಕ್ಕೆ ಮಕ್ಕಳಿಗೆ ಅಮ್ಮ ಏಳುತ್ತಿತ್ತು. ಗಟ್ಟಿ ವಾದ ಕೊಟ್ಟವರು ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಊರಿನ ಡಾಕ್ಟರ್ ಎಡ್ಗರ್ ಹೋಪ್-ಸಿಂಪ್ಸನ್. ಪ್ರಯೋಗಶಾಲೆಯ ದೊಡ್ಡ ಹೆಸರಲ್ಲ, ನೆಗಡಿ ಕೆಮ್ಮು ನೋಡುವ ಕುಟುಂಬವೈದ್ಯರು. ತಮ್ಮ ಚಿಕಿತ್ಸಾಲಯಕ್ಕೆ 16 ವರ್ಷಗಳಲ್ಲಿ ಬಂದ 192 ಸರ್ಪಸುತ್ತಿನ ರೋಗಿಗಳ ಲೆಕ್ಕವಿಟ್ಟು, ವಯಸ್ಸು ಏರಿದಂತೆ ಅದು ಹೆಚ್ಚುವುದನ್ನು ತೋರಿಸಿ, ಬಾಲ್ಯದ ಸೀತಾಳೆಯ ವೈರಸ್ಸೇ ನರಗಂಟಿನಲ್ಲಿ ಮಲಗಿದ್ದು ಎದ್ದು ಬರುತ್ತದೆಂದು 1965ರಲ್ಲಿ ಬರೆದರು. ಸರ್ಪಸುತ್ತು ಎದ್ದು ಬಂದವರನ್ನೆಲ್ಲ ನೋಡಿ, ಲೆಕ್ಕ ಮಾತ್ರ ಇಡದವರು ನಮ್ಮಲ್ಲೂ ಎಷ್ಟೋ ಇದ್ದರು.

ಹಾಗೆಂದು ಮಣ್ಣು ಬಳಿಯುವವರನ್ನು ನೋಡಿ ಬಿಳಿಕೋಟಿನವರು ನಗುವಂತಿಲ್ಲ. ತುಟಿಗುಳ್ಳೆ ಮತ್ತೆ ಮತ್ತೆ ಬರುವವರಿಗೆ ಸಿಡುಬಿನ ಲಸಿಕೆಯನ್ನು ಹಲವು ಸಲ ಚುಚ್ಚಿದರೆ ವಾಸಿಯಾಗುತ್ತದೆಂಬ ನಂಬಿಕೆ ಪಾಶ್ಚಾತ್ಯ ವೈದ್ಯರಲ್ಲಿ ದಶಕಗಟ್ಟಲೆ ಇತ್ತು. ದೇವಾಜಮ್ಮಣ್ಣಿಯ ತೋಳಿಗೆ ಬಿದ್ದ ಬಗೆಯ ಲಸಿಕೆಯೇ, ಆದರೆ ಅದು ತಡೆಯುವುದು ಬೇರೆಯೇ ಕುಟುಂಬದ ವೈರಸ್ಸನ್ನು. ರೋಗಿಗಳು ಗುಣವಾಯಿತೆಂದರು, ವೈದ್ಯರು ಹೌದೆಂದರು. 1959ರಲ್ಲಿ ಕೆರ್ನ್ ಮತ್ತು ಶಿಫ್ ಎಂಬವರು ಕೆಲವರಿಗೆ ನಿಜವಾದ ಲಸಿಕೆ, ಕೆಲವರಿಗೆ ಹುಸಿ ಚುಚ್ಚುಮದ್ದು ಕೊಟ್ಟು ಹೋಲಿಸಿದಾಗ ಲಸಿಕೆಯಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ತಾನಾಗಿ ಮಾಯುವ, ತಾನಾಗಿ ಮರಳುವ ಕಾಯಿಲೆ. ಗುಣವಾಗುವ ದಿನ ಪಕ್ಕದಲ್ಲಿ ನಿಂತವರಿಗೆಲ್ಲ ಅದು ಹೆಸರು ತಂದುಕೊಡುತ್ತದೆ.

ಕೆಲಸ ಮಾಡುವ ಮದ್ದು ಬಂದದ್ದು 1970ರ ದಶಕದ ಕೊನೆಗೆ. ಅಮೆರಿಕದ ಬರೋಸ್ ವೆಲ್‌ಕಮ್ ಕಂಪನಿಯಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಅವರ ಸಂಗಡಿಗರು ರೂಪಿಸಿದ ಅಸೈಕ್ಲೋವಿರ್, ವೈರಸ್ಸು ತನ್ನ ನಕಲು ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಎಲಿಯನ್ 1988ರಲ್ಲಿ ನೊಬೆಲ್ ಹಂಚಿಕೊಂಡರು. ಮಲಗಿರುವ ವೈರಸ್ಸು ನಕಲು ತೆಗೆಯುವುದೇ ಇಲ್ಲವಾದ್ದರಿಂದ ಅದನ್ನು ಈ ಮದ್ದು ಮುಟ್ಟಲಾರದು. ಆದ್ದರಿಂದ ತುಟಿಗೆ ಚುಮುಚುಮು ಎಂದಾಗಲೇ ತೆಗೆದುಕೊಂಡರೆ ಫಲ, ಹಕ್ಕಳೆ ಕಟ್ಟಿದ ಮೇಲೆ ದಂಡ. ಸರ್ಪಸುತ್ತಿಗೆ ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾಗಬೇಕು. ಕೆಮ್ಮಣ್ಣಿನಿಂದ ಆಗುವ ನಿಜವಾದ ನಷ್ಟ ಇಲ್ಲಿದೆ: ಮಣ್ಣು ಬಳಿಸಿಕೊಂಡು ಮೂರು ಸಲ ಹೋಗಿ ಬರುವಷ್ಟರಲ್ಲಿ ಆ ಗಡುವು ಮುಗಿದಿರುತ್ತದೆ. ಒಡೆದ ಗುಳ್ಳೆಗೆ ಮಣ್ಣಿನಿಂದ ಕೀವು ತುಂಬುವ ಅಪಾಯ ಬೇರೆ. ಮುದುಕರಲ್ಲಿ ಗುಳ್ಳೆ ಮಾಯ್ದ ಮೇಲೂ ಆ ಪಟ್ಟೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉರಿಯುತ್ತದೆ. ಹಣೆಗೆ, ಮೂಗಿನ ತುದಿಗೆ ಎದ್ದರೆ ಕಣ್ಣೇ ಹೋಗಬಹುದು. ಅದು ಅಂದೇ ಆಸ್ಪತ್ರೆಗೆ ಓಡಬೇಕಾದ ಗುರುತು. ತುಟಿಗುಳ್ಳೆಯವರು ಕೂಸು ನೋಡಲು ಹೋದಲ್ಲಿ ಮುದ್ದಿಡದೆ ಬರುವುದೂ ಅಷ್ಟೇ ಮುಖ್ಯ, ಎಳೆಯ ಶಿಶುಗಳಿಗೆ ಈ ವೈರಸ್ಸು ಪ್ರಾಣಕ್ಕೇ ಎರವಾಗಬಲ್ಲದು.

ಸರ್ಪಸುತ್ತು ತಡೆಯುವ ಹೊಸ ಲಸಿಕೆ 2023ರಿಂದ ಭಾರತದಲ್ಲಿ ಸಿಗುತ್ತಿದೆ. 50 ದಾಟಿದವರಿಗೆ ಎರಡು ಡೋಸ್, ಒಂದೊಂದಕ್ಕೂ ಸಾವಿರಾರು ರೂಪಾಯಿ; ಪಿಂಚಣಿಯಲ್ಲಿ ಬದುಕುವ ಊರಿಗೆ ಸಣ್ಣ ಮೊತ್ತವಲ್ಲ. ತುಟಿಗುಳ್ಳೆಗೆ ಯಾವ ಲಸಿಕೆಯೂ ಇನ್ನೂ ಬಂದಿಲ್ಲ. ಸೀತಾಳೆಗೆ ಜಪಾನಿನ ತಕಹಾಶಿ 1974ರಲ್ಲೇ ಲಸಿಕೆ ಕೊಟ್ಟರೂ ಅದು ನಮ್ಮ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ. ಬೇಸಿಗೆ ಬಂತೆಂದರೆ ಮೈಸೂರಿನ ಮನೆಗಳ ಬಾಗಿಲಿಗೆ ಬೇವಿನ ಸೊಪ್ಪು ಈಗಲೂ ಏರುತ್ತದೆ. ಆ ಮಕ್ಕಳಿಗೆ ಅರವತ್ತಾಗುವವರೆಗೂ ಕೆಮ್ಮಣ್ಣು ಬಳಿಯುವವರಿಗೆ ಗಿರಾಕಿಗಳ ಬರವಿಲ್ಲ.